ಓದಿದ್ದು ನಾಲ್ಕು ತಾಸು, ದಣಿವು ಹದಿನಾಲ್ಕು ತಾಸಿನದು: ಈ ಶಕ್ತಿ ಹೋಗುವುದೆಲ್ಲಿಗೆ?

ಸಪ್ತಾಪುರದ ಓದುಗ

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಇದು ಮೂರನೆಯ ವರ್ಷ. ಊರಿನಲ್ಲಿ ಯಾರಾದರೂ ಕೇಳಿದರೆ ದಿನಕ್ಕೆ ಹದಿನಾಲ್ಕು ತಾಸು ಓದುತ್ತೇನೆಂದು ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ನಾನೂ ಅದನ್ನು ನಂಬಿಬಿಟ್ಟಿದ್ದೆ. ಕಳೆದ ತಿಂಗಳು ಒಂದು ವಾರ, ಪುಸ್ತಕ ತೆರೆದ ಹೊತ್ತನ್ನೂ ಮುಚ್ಚಿದ ಹೊತ್ತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸರಾಸರಿ ತೆಗೆದರೆ ದಿನಕ್ಕೆ ನಾಲ್ಕು ತಾಸು ಹತ್ತು ನಿಮಿಷ. ಆದರೆ ರಾತ್ರಿ ಕೋಣೆಗೆ ಮರಳುವಾಗ ಮೈಗೂ ಮನಸ್ಸಿಗೂ ಆಗಿರುವ ದಣಿವು ಮಾತ್ರ ಹದಿನಾಲ್ಕು ತಾಸಿನದೇ. ಉಳಿದ ಶಕ್ತಿಯನ್ನು ತಿಂದವರು ಯಾರೆಂಬುದೇ ನನ್ನ ಪ್ರಶ್ನೆ.

ನನ್ನ ಒಂದು ದಿನ ಹೀಗಿರುತ್ತದೆ. ಆರಕ್ಕೆ ಇಟ್ಟ ಅಲಾರಂ ಅನ್ನು ನಾಲ್ಕು ಬಾರಿ ಮುಂದೂಡಿ ಏಳೂವರೆಗೆ ಕಣ್ಣು ಬಿಡುತ್ತೇನೆ. ಹಾಸಿಗೆಯಲ್ಲೇ ಟೆಲಿಗ್ರಾಂ ಗುಂಪುಗಳನ್ನು ತೆರೆಯುತ್ತೇನೆ. ಅಧಿಸೂಚನೆ ಬರುತ್ತದಂತೆ, ಬರುವುದಿಲ್ಲವಂತೆ, ಕಟ್ ಆಫ್ ಇಷ್ಟಕ್ಕೆ ನಿಲ್ಲುತ್ತದಂತೆ ಎಂಬ ಅಂತೆಕಂತೆಗಳನ್ನೆಲ್ಲ ಓದಿ ಏಳುವಷ್ಟರಲ್ಲಿ ತಲೆ ಭಾರವಾಗಿರುತ್ತದೆ. ಬೆಳಗಿನ ನಾಷ್ಟಾ ಬಿಟ್ಟು ಬರೀ ಚಹಾ ಕುಡಿದು ವಾಚನಾಲಯಕ್ಕೆ ಹೋಗುತ್ತೇನೆ. ಅಲ್ಲಿ ತೆರೆಯುವುದು ಮತ್ತೆ ಅದೇ ಕರ್ನಾಟಕ ಇತಿಹಾಸ. ಕದಂಬರಿಂದ ಹೊಯ್ಸಳರವರೆಗೆ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಅರ್ಥಶಾಸ್ತ್ರದ ಪುಸ್ತಕ ತಂದು ಎಂಟು ತಿಂಗಳಾಯಿತು, ಅದರ ಬೆನ್ನು ಇನ್ನೂ ಮುರಿದಿಲ್ಲ. ಅದು ಮೇಜಿನ ಮೇಲೆ ಇರುವುದನ್ನು ನೋಡಿದಾಗಲೆಲ್ಲ ಎದೆಯಲ್ಲಿ ಏನೋ ಚುರ್ ಎನ್ನುತ್ತದೆ, 'ನಾಳೆಯಿಂದ' ಎಂದುಕೊಳ್ಳುತ್ತೇನೆ, ಫೋನ್ ಕೈಗೆ ಬಂದಿರುತ್ತದೆ. ಹನ್ನೊಂದಕ್ಕೆ, ನಾಲ್ಕಕ್ಕೆ, ಏಳಕ್ಕೆ, ಮತ್ತೆ ಖಾನಾವಳಿಯ ಊಟವಾದ ಮೇಲೆ ಗೆಳೆಯರೊಂದಿಗೆ ಚಹಾ. ಅಲ್ಲಿಯ ಮಾತು ಒಂದೇ: ಈ ಸಲವೂ ದುಡ್ಡಿದ್ದವರದೇ, ನಮ್ಮಂಥವರಿಗೆ ಏನೂ ಆಗುವುದಿಲ್ಲ. ರಾತ್ರಿ ಊರಿನಿಂದ ಅಪ್ಪ ಫೋನ್ ಮಾಡುತ್ತಾರೆ, ನಾನು 'ನೋಡೋಣ' ಎನ್ನುತ್ತೇನೆ. ಆಮೇಲೆ ದಿನವೆಲ್ಲ ನನ್ನದಾಗಿರಲಿಲ್ಲ, ಈ ಹೊತ್ತಾದರೂ ನನ್ನದಾಗಲಿ ಎಂಬ ಹಟದಿಂದ ಒಂದೂವರೆಯವರೆಗೆ ಚಿಕ್ಕ ಚಿಕ್ಕ ವಿಡಿಯೊಗಳನ್ನು ನೋಡುತ್ತೇನೆ.

ಇದರಲ್ಲಿ ಯಾವುದೂ ದೊಡ್ಡ ದುಶ್ಚಟವಲ್ಲ. ನಾನು ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ. ಅದೇ ಕಾರಣಕ್ಕೆ ಇವನ್ನು ಚಟಗಳೆಂದು ನಾನು ಎಂದೂ ಎಣಿಸಿರಲಿಲ್ಲ. ಓದುವ ಹುಮ್ಮಸ್ಸೇ ಬತ್ತಿಹೋಗುತ್ತಿದೆ ಎನಿಸಿದಾಗ ಇಲ್ಲಿ ಬರೆಯಬೇಕೆನಿಸಿತು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ: ಇವುಗಳಲ್ಲಿ ಮೊದಲು ಬಿಡಬೇಕಾದದ್ದು ಯಾವುದು?

ಪಿಡಿಒ, ಬಾಗಲಕೋಟೆ ಜಿಲ್ಲೆ

ತಮ್ಮ, ನಿನ್ನ ಬರಹ ಓದುವಾಗ ನನ್ನ ಹಳೆಯ ಕೋಣೆಯ ವಾಸನೆ ಬಂದಂತಾಯಿತು. ನಾನು ಇದೇ ಸಪ್ತಾಪುರದಲ್ಲಿ ನಾಲ್ಕು ವರ್ಷ ಕಳೆದವನು. ಎರಡು ಪರೀಕ್ಷೆಗಳಲ್ಲಿ ಒಂದೆರಡು ಅಂಕಗಳಲ್ಲಿ ತಪ್ಪಿಸಿಕೊಂಡು, ಮೂರನೆಯದರಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಾದೆ. ನೀನು ಹೇಳಿದ ಪಟ್ಟಿಯಲ್ಲಿ ಫೋನಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಚಹಾದಂಗಡಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನನ್ನ ಶಕ್ತಿ ಹೀರಿದ್ದು ಅದು.

ಚಹಾಕ್ಕೆ ಹೋಗುವುದು ತಪ್ಪಲ್ಲ. ಒಂಟಿಯಾಗಿ ಕೋಣೆಯಲ್ಲಿ ಕೊಳೆಯುವುದಕ್ಕಿಂತ ನಾಲ್ಕು ಜನರೊಂದಿಗೆ ನಿಂತು ಮಾತಾಡುವುದು ಸಾವಿರ ಪಾಲು ಮೇಲು. ಆದರೆ ನಾನು ಒಂದು ವಿಷಯವನ್ನು ತಡವಾಗಿ ಗಮನಿಸಿದೆ. ಕೆಲವು ದಿನ ಚಹಾ ಕುಡಿದು ಬಂದ ಮೇಲಿನ ತಾಸು ಚೆನ್ನಾಗಿ ಓದಾಗುತ್ತಿತ್ತು. ಕೆಲವು ದಿನ ಅದೇ ಪುಟ ಮೂರು ಸಲ ಓದಿದರೂ ಒಂದಕ್ಷರ ಒಳಗೆ ಇಳಿಯುತ್ತಿರಲಿಲ್ಲ. ಕುಡಿದ ಚಹಾ ಒಂದೇ, ನಿಂತ ಹೊತ್ತೂ ಒಂದೇ. ಬೇರೆಯಾಗಿದ್ದದ್ದು ಮಾತು. ಊರು, ಕ್ರಿಕೆಟ್ಟು, ಯಾರದೋ ಮದುವೆ, ಇಂಥ ಮಾತಾಡಿದ ದಿನ ಮನಸ್ಸು ಹಗುರಾಗಿರುತ್ತಿತ್ತು. 'ಎಲ್ಲ ಮೊದಲೇ ನಿಗದಿಯಾಗಿರುತ್ತದೆ, ಓದಿ ಏನು ಪ್ರಯೋಜನ' ಎಂಬ ಮಾತಾಡಿದ ದಿನ ಪುಸ್ತಕ ತೆರೆಯುವುದೇ ಮೂರ್ಖತನ ಅನಿಸುತ್ತಿತ್ತು. ಸಹಜವೇ ತಾನೆ? ಅರ್ಧ ತಾಸು ಓದಿನಿಂದ ಉಪಯೋಗವಿಲ್ಲವೆಂದು ನಾವೇ ವಾದ ಮಂಡಿಸಿ, ಗೆದ್ದು, ಆಮೇಲೆ ಹೋಗಿ ಅದೇ ಓದಿಗೆ ಕುಳಿತರೆ ಮನಸ್ಸು ಏಕೆ ಒಪ್ಪೀತು?

ಹಾಗೆಂದು ದೂರುವುದೆಲ್ಲವೂ ಗೊಣಗಾಟವಲ್ಲ. ಒಮ್ಮೆ ಕೀ ಉತ್ತರಗಳಲ್ಲಿ ಎರಡು ತಪ್ಪುಗಳಿದ್ದವು. ನಮ್ಮ ಗುಂಪಿನ ಒಬ್ಬ ಗೆಳೆಯ, ತೀರಾ ಮೌನಿ, ಅಂದೇ ಸಂಜೆ ಪಠ್ಯಪುಸ್ತಕದ ಪುಟಗಳನ್ನು ಲಗತ್ತಿಸಿ ಆಕ್ಷೇಪಣೆ ಸಲ್ಲಿಸಿ ಬಂದು ನಿದ್ದೆ ಮಾಡಿದ. ಉಳಿದ ಐವರು, ನಾನೂ ಸೇರಿ, ಹದಿನೈದು ದಿನ ಅದನ್ನೇ ಮಾತಾಡಿದೆವು. ಕೊನೆಯ ದಿನಾಂಕ ದಾಟಿದ ಮೇಲೂ ಮಾತಾಡಿದೆವು. ಸಿಟ್ಟು ಅವನಿಗೂ ಇತ್ತು. ಅವನ ಸಿಟ್ಟಿಗೆ ಒಂದು ವಿಳಾಸ ಇತ್ತು, ನಮ್ಮದಕ್ಕೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅಂದಿನಿಂದ ನಾನು ಗೆಳೆಯರನ್ನು ಬಿಡಲಿಲ್ಲ, ಏಳರ ಚಹಾ ಒಂದನ್ನು ಬಿಟ್ಟೆ. ಸಂಜೆ ಏಳಕ್ಕೆ ಎಲ್ಲರೂ ದಣಿದಿರುತ್ತಾರೆ, ಆ ಹೊತ್ತಿನ ಮಾತು ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆ.

ಕಾದು ಸುಸ್ತಾದವನು

ಕ್ಷಮಿಸಿ, ಈ ಚರ್ಚೆಯ ದಿಕ್ಕೇ ನನಗೆ ಸರಿಕಾಣುತ್ತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್‌ನಲ್ಲಿ ನಡೆದು, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟಿದ್ದರಿಂದ ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಪ್ರಾಮಾಣಿಕವಾಗಿ ಓದಿ ಬರೆದವನು ವರ್ಷಗಟ್ಟಲೆ ಬಾಗಿಲಲ್ಲಿ ನಿಂತದ್ದು ಅವನ ಅಲಾರಂ ಅಭ್ಯಾಸದಿಂದಲೇ? ಹುಮ್ಮಸ್ಸು ಬತ್ತಿದ್ದು ಮೊಬೈಲಿನಿಂದಲೇ? ವ್ಯವಸ್ಥೆ ಹೀರಿದ ರಕ್ತಕ್ಕೆ ನಾವು ಸೊಳ್ಳೆಯನ್ನು ದೂರುತ್ತಿದ್ದೇವೆ. ಯುವಕರಿಗೆ 'ನಿನ್ನ ಅಭ್ಯಾಸ ತಿದ್ದಿಕೋ' ಎಂದು ಬೋಧಿಸುವುದು ಸುಲಭ, ಅದರಿಂದ ಯಾರ ಕುರ್ಚಿಯೂ ಅಲುಗುವುದಿಲ್ಲ.

ನಿವೃತ್ತ ಗಣಿತ ಶಿಕ್ಷಕಿ, ಶಿರಸಿ

ನಿಮ್ಮ ಸಿಟ್ಟು ನ್ಯಾಯವಾದದ್ದು, ಮಗು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಆ ಪರೀಕ್ಷೆಗಳಲ್ಲಿ ಸಿಕ್ಕಿಕೊಂಡವರೇ, ಆದ್ದರಿಂದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಮೊದಲು ಬರೆದ ಹುಡುಗ ಕೇಳಿದ ಪ್ರಶ್ನೆ ಬೇರೆ. ಕೆಲಸ ಏಕೆ ಸಿಗಲಿಲ್ಲವೆಂದು ಅವನು ಕೇಳುತ್ತಿಲ್ಲ. ನಾಲ್ಕು ತಾಸಿನ ಕೆಲಸಕ್ಕೆ ಹದಿನಾಲ್ಕು ತಾಸಿನ ದಣಿವು ಹೇಗೆ ಬಂತೆಂದು ಕೇಳುತ್ತಿದ್ದಾನೆ. ಪರೀಕ್ಷೆ ರದ್ದಾದ ದಿನದ ನೋವು ಒಂದು. ರದ್ದಾಗಿರದ ದಿನವೂ ಬೆಳಿಗ್ಗೆ ಹಾಸಿಗೆಯಲ್ಲೇ ಆ ನೋವನ್ನು ಕೆದಕಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವರು ಬೇರೆಯವರು, ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಇನ್ನು, ಇತಿಹಾಸವನ್ನೇ ಮತ್ತೆ ಮತ್ತೆ ಓದುವುದರ ಬಗ್ಗೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ್ದೇನೆ. ಬರುವ ಲೆಕ್ಕವನ್ನೇ ಹತ್ತು ಸಲ ಮಾಡಿ, ಬಾರದ ಲೆಕ್ಕವನ್ನು ಮುಟ್ಟದ ಮಕ್ಕಳನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಅವರು ಸೋಮಾರಿಗಳಲ್ಲ, ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪುಟ ತುಂಬಿಸುವವರೇ ಅವರು. ಅಂಥವರಿಗೆ 'ಶ್ರಮಪಡು' ಎಂದರೆ ಇನ್ನೂ ಹತ್ತು ಸಲ ಬಂದದ್ದನ್ನೇ ಮಾಡುತ್ತಾರೆ. ನಾನು ಹೇಳುತ್ತಿದ್ದದ್ದು ಇಷ್ಟೇ: ಬಾರದ ಲೆಕ್ಕದ ಪ್ರಶ್ನೆಯನ್ನಷ್ಟೇ ಅಂದವಾಗಿ ನಕಲು ಮಾಡು, ಬಿಡಿಸಬೇಡ. ಮರುದಿನ, ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಅಷ್ಟನ್ನು ಬರೆ. ಮೂರನೆಯ ದಿನ ಹೆಚ್ಚಿನವರು ನನ್ನನ್ನು ಕೇಳದೆಯೇ ಬಿಡಿಸಲು ಹೊರಟಿರುತ್ತಿದ್ದರು.

ತೊಂಬತ್ತರ ದಶಕದಲ್ಲಿ ಭೂತ ಬರದಿರಲೆಂದು ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ನೆನಪಿದೆಯೇ? ಆ ಭೂತ ದಿನವೂ ಬಂದು, ಓದಿ, ಹಿಂದೆ ಹೋಗಿ, ಮರುದಿನ ಮತ್ತೆ ಬರುತ್ತಿತ್ತಂತೆ. ಅರ್ಥಶಾಸ್ತ್ರದ ಪುಸ್ತಕಕ್ಕೆ ನೀನು ಬರೆದಿರುವ ಬರಹವೂ ಅದೇ ಅಲ್ಲವೇ?

ಮನಃಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ

ಮೇಡಂ ಕೊಟ್ಟ ಭೂತದ ಹೋಲಿಕೆಗೆ ನನ್ನ ಕ್ಷೇತ್ರದಲ್ಲಿ ನೂರು ವರ್ಷಕ್ಕೆ ಹತ್ತಿರವಾದ ಒಂದು ಪ್ರಯೋಗದ ಬೆಂಬಲವಿದೆ. ಆದರೆ ಮೊದಲು ಒಂದು ತಪ್ಪು ಕಲ್ಪನೆಯನ್ನು ಪಕ್ಕಕ್ಕಿಡಬೇಕು. 'ಶಕ್ತಿ ಸೋರುತ್ತಿದೆ' ಎಂದಾಗ ನಾವೆಲ್ಲ ಮೊಬೈಲಿನ ಬ್ಯಾಟರಿಯಂಥದ್ದೊಂದನ್ನು ಕಲ್ಪಿಸಿಕೊಳ್ಳುತ್ತೇವೆ. ಮನೋಬಲವೂ ಹಾಗೆಯೇ ಖರ್ಚಾಗುವ ದಾಸ್ತಾನು ಎಂಬ ವಾದವನ್ನು ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 1998ರಲ್ಲಿ ಮಂಡಿಸಿದರು. ಬಿಸಿ ಬಿಸಿ ಬಿಸ್ಕತ್ತನ್ನು ಮುಟ್ಟದೆ ಮೂಲಂಗಿ ತಿನ್ನಬೇಕಾಗಿ ಬಂದವರು ಆಮೇಲೆ ಬಿಡಿಸಲಾಗದ ಒಗಟನ್ನು ಬೇಗನೆ ಕೈಬಿಟ್ಟರು ಎಂಬುದು ಅವರ ಪ್ರಯೋಗ. ಬಹಳ ಪ್ರಸಿದ್ಧವಾಯಿತು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದೇ ವಾದವನ್ನು ಒಂದೇ ವಿಧಾನದಿಂದ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು. ಆದ್ದರಿಂದ 'ನನ್ನ ಇವತ್ತಿನ ಮನೋಬಲ ಮುಗಿಯಿತು' ಎಂದು ಯಾರಾದರೂ ಹೇಳಿದರೆ ಅದನ್ನು ಅನುಮಾನದಿಂದಲೇ ಕೇಳುವುದು ಒಳ್ಳೆಯದು.

ಹಾಗಾದರೆ ದಣಿವು ಸುಳ್ಳೇ? ಇಲ್ಲ. ದಾಸ್ತಾನು ಬರಿದಾಗದಿದ್ದರೂ ಗಮನ ಹಂಚಿಹೋಗುತ್ತದೆ. ಬ್ಲೂಮಾ ಜೈಗಾರ್ನಿಕ್ ಎಂಬ ಯುವ ಸಂಶೋಧಕಿ ಬರ್ಲಿನ್‌ನಲ್ಲಿ ನಡೆಸಿ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಸಿದ ಕೆಲಸಗಳಿಗಿಂತ ಅರ್ಧಕ್ಕೆ ನಿಂತ ಕೆಲಸಗಳು ಜನರ ನೆನಪಿನಲ್ಲಿ ಹೆಚ್ಚು ಉಳಿದಿದ್ದವು. ನೆನಪಿನ ಆ ವ್ಯತ್ಯಾಸ ನಂತರದ ಎಲ್ಲ ಪ್ರಯೋಗಗಳಲ್ಲೂ ಒಂದೇ ಸಮನೆ ಸಿಕ್ಕಿಲ್ಲ. ಆದರೂ ಮುಗಿಯದ ಕೆಲಸ ಮನಸ್ಸನ್ನು ಮಧ್ಯೆ ಮಧ್ಯೆ ಕೆಣಕುತ್ತದೆ ಎಂಬುದು ಬೇರೆ ದಾರಿಗಳಿಂದಲೂ ಕಂಡುಬಂದಿದೆ. ಇ.ಜೆ. ಮಸಿಕಾಂಪೊ ಮತ್ತು ಅದೇ ಬೌಮೈಸ್ಟರ್ 2011ರಲ್ಲಿ ತೋರಿಸಿದ್ದು ನನಗೆ ತುಂಬ ಇಷ್ಟ. ಮುಗಿಯದ ಗುರಿಯೊಂದು ತಲೆಯಲ್ಲಿರುವವರಿಗೆ ಓದುವಾಗ ಅದೇ ವಿಚಾರ ಅಡ್ಡಬರುತ್ತಿತ್ತು. ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂದು ಖಚಿತವಾಗಿ ಯೋಜಿಸಿದವರಿಗೆ ಆ ಕಾಟ ನಿಂತಿತು. ಕೆಲಸ ಮುಗಿದಿರಲಿಲ್ಲ, ಶುರುವೂ ಆಗಿರಲಿಲ್ಲ. ಹೊತ್ತು ಮತ್ತು ಜಾಗ ನಿಗದಿಯಾಗಿದ್ದಷ್ಟೇ ಸಾಕಾಯಿತು. 'ನಾಳೆಯಿಂದ' ಎಂಬುದು ಯೋಜನೆಯಲ್ಲ. 'ನಾಳೆ ಒಂಬತ್ತಕ್ಕೆ, ಕಿಟಕಿ ಪಕ್ಕದ ಮೇಜಿನಲ್ಲಿ, ಎರಡನೆಯ ಅಧ್ಯಾಯದ ಮೊದಲ ಐದು ಪುಟ' ಎಂಬುದು ಯೋಜನೆ.

ಮುಂದೂಡಿಕೆಯ ಬಗ್ಗೆ ಒಂದು ಮಾತು. ಅದನ್ನು ಸಮಯ ನಿರ್ವಹಣೆಯ ದೋಷವೆಂದು ನೋಡುವುದಕ್ಕಿಂತ ಆ ಗಳಿಗೆಯ ಬೇಸರದಿಂದ ತಪ್ಪಿಸಿಕೊಳ್ಳುವ ಉಪಾಯವೆಂದು ನೋಡಬೇಕೆಂದು ಫ್ಯೂಷಿಯಾ ಸಿರೊಯಿಸ್ ಮತ್ತು ಟಿಮೊತಿ ಪಿಚಿಲ್ 2013ರಲ್ಲಿ ವಾದಿಸಿದರು. ಪುಸ್ತಕ ನೋಡಿದೊಡನೆ ಎದೆ ಚುರ್ ಎನ್ನುವುದು, ಕೈ ಫೋನಿಗೆ ಹೋಗುವುದು, ಎರಡೂ ಒಂದೇ ದಾರದ ಎರಡು ತುದಿ. ಹೊಸ ವೇಳಾಪಟ್ಟಿ ಬರೆಯುವುದರಿಂದ ಆ ಚುರುಕ್ಕು ಹೋಗುವುದಿಲ್ಲ. ಅದನ್ನು ಸ್ವಲ್ಪ ಹೊತ್ತು ಸಹಿಸಿ ಕೂರಬಲ್ಲಷ್ಟು ಮೊದಲ ಹೆಜ್ಜೆಯನ್ನು ಚಿಕ್ಕದು ಮಾಡಬೇಕು. ಮೇಡಂ ತಮ್ಮ ಮಕ್ಕಳಿಗೆ ಪ್ರಶ್ನೆಯನ್ನಷ್ಟೇ ನಕಲು ಮಾಡಿಸಿದ್ದು ಸರಿಯಾಗಿ ಅದನ್ನೇ.

ಚಹಾದಂಗಡಿಯ ವಿಚಾರಕ್ಕೂ ನಮ್ಮಲ್ಲಿ 'ಕೋ-ರೂಮಿನೇಷನ್' ಎಂಬ ಹೆಸರಿದೆ. ತಮ್ಮ ಸಮಸ್ಯೆಗಳನ್ನೇ ಗೆಳೆಯರಿಬ್ಬರು ಕೂಡಿ ಮೆಲುಕು ಹಾಕುತ್ತಿರುವುದನ್ನು ಅಮಾಂಡಾ ರೋಸ್ 2002ರಲ್ಲಿ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಅಧ್ಯಯನ ಮಾಡಿದರು. ಅದಕ್ಕೆ ಗೆಳೆತನದ ಆಪ್ತತೆಯೊಂದಿಗೂ ನಂಟಿತ್ತು, ಖಿನ್ನತೆ ಮತ್ತು ಆತಂಕದ ಲಕ್ಷಣಗಳೊಂದಿಗೂ ನಂಟಿತ್ತು. ಬಿಡುವುದು ಕಷ್ಟವಾಗುವುದು ಇದರಿಂದಲೇ: ನಮ್ಮನ್ನು ಕುಗ್ಗಿಸುವ ಮಾತೇ ನಮ್ಮನ್ನು ಹತ್ತಿರವೂ ತರುತ್ತಿರುತ್ತದೆ.

ಮನೆಯಲ್ಲೇ ಓದುವವಳು, ಹಾವೇರಿ ಜಿಲ್ಲೆ

ಎಲ್ಲರ ಬರಹ ಓದಿದೆ. ಚಹಾದಂಗಡಿ, ವಾಚನಾಲಯ, ರಾತ್ರಿ ಒಂದೂವರೆಯ ವಿಡಿಯೊ, ಇವೆಲ್ಲ ಸ್ವಂತ ಕೋಣೆ ಇರುವವರ ಚಟಗಳೆಂದು ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಬಂತು. ನಾನು ಮದುವೆಯಾಗಿ ಐದು ವರ್ಷವಾದ, ಮೂರು ವರ್ಷದ ಮಗುವಿರುವ ಅಭ್ಯರ್ಥಿ. ನನ್ನ ಶಕ್ತಿಯನ್ನು ತಿನ್ನುವ ಅಭ್ಯಾಸದ ಹೆಸರು 'ಆಯ್ತು'. ಅತ್ತೆಯವರು ಶಾವಿಗೆ ಹೊಸೆಯಲು ಕೂಡಬೇಕೆಂದರೂ ಆಯ್ತು, ಓಣಿಯ ಸೀಮಂತಕ್ಕೆ ಬುತ್ತಿ ಕಟ್ಟಿಕೊಡಬೇಕೆಂದರೂ ಆಯ್ತು, ನಾದಿನಿಯ ಮಗನ ಹೋಂವರ್ಕ್ ನೋಡಬೇಕೆಂದರೂ ಆಯ್ತು. ಬಾಯಲ್ಲಿ ಆಯ್ತು ಎನ್ನುತ್ತೇನೆ, ಕೆಲಸ ಮಾಡುವಷ್ಟು ಹೊತ್ತೂ ಒಳಗೆ ಜಗಳವಾಡುತ್ತಿರುತ್ತೇನೆ. ಶಾವಿಗೆ ಹೊಸೆದದ್ದಕ್ಕಿಂತ ಆ ಜಗಳಕ್ಕೇ ಹೆಚ್ಚು ದಣಿಯುತ್ತೇನೆ.

ಇಲ್ಲವೆನ್ನಲು ಕಲಿಯಿರಿ ಎಂಬ ಸಲಹೆಯನ್ನು ಯಾರೂ ಕೊಡಬೇಡಿ, ದಯವಿಟ್ಟು. ನಮ್ಮ ಮನೆಯಲ್ಲಿ ಅದು ಆಗುವ ಮಾತಲ್ಲ. ನಾನು ಕಲಿತದ್ದು 'ಆಯ್ತು, ನಾಲ್ಕು ಗಂಟೆಗೆ' ಎನ್ನುವುದನ್ನು. ಎರಡು ಶಬ್ದ ಹೆಚ್ಚಾಯಿತು, ಅಷ್ಟೇ, ಯಾರಿಗೂ ಬೇಸರವಾಗಿಲ್ಲ. ಇನ್ನೊಂದು, ಓದುತ್ತಿರುವಾಗ ಮಗು ಕರೆದರೆ ಏಳುವ ಮೊದಲು ಚೀಟಿಯಲ್ಲಿ ಒಂದು ಸಾಲು ಬರೆದಿಡುತ್ತೇನೆ: 'ವಿತ್ತೀಯ ಕೊರತೆ ಮತ್ತು ಕಂದಾಯ ಕೊರತೆ, ವ್ಯತ್ಯಾಸ ನೋಡುತ್ತಿದ್ದೆ.' ಮೊದಲೆಲ್ಲ ಮರಳಿ ಬಂದು ಕುಳಿತರೆ ಎಲ್ಲಿದ್ದೆನೆಂದು ಹುಡುಕುವುದರಲ್ಲೇ ಕಾಲು ತಾಸು ಹೋಗುತ್ತಿತ್ತು, ಹುಡುಕುವ ಬೇಸರಕ್ಕೆ ಫೋನ್ ತೆಗೆಯುತ್ತಿದ್ದೆ. ಈಗ ಚೀಟಿ ನನ್ನ ಕೈ ಹಿಡಿದು ಕೂರಿಸುತ್ತದೆ.

ಮನಃಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ

ಅಕ್ಕಾ, ನಿಮ್ಮ ಚೀಟಿಯ ಬಗ್ಗೆ ಒಂದೇ ಮಾತು. ಅರ್ಧಕ್ಕೆ ಬಿಟ್ಟ ಕೆಲಸದಿಂದ ಇನ್ನೊಂದಕ್ಕೆ ಹೋದಾಗ ಗಮನದ ಒಂದಷ್ಟು ಪಾಲು ಹಿಂದಿನದರಲ್ಲೇ ಉಳಿದುಹೋಗುತ್ತದೆಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಎದ್ದು ಹೋಗುವ ಮುನ್ನ ಎಲ್ಲಿ ನಿಂತೆ, ಮರಳಿ ಬಂದು ಏನು ಮಾಡಬೇಕು ಎಂದು ಬರೆದಿಡುವುದು ಸಹಾಯಕ ಎಂಬುದನ್ನೂ ಅವರು ಆಮೇಲೆ ಕಂಡುಕೊಂಡರು. ನೀವು ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಂಡುಕೊಂಡಿದ್ದೀರಿ.

ತಾಲ್ಲೂಕು ಆಸ್ಪತ್ರೆಯ ವೈದ್ಯೆ

ಇಲ್ಲಿಯವರೆಗೆ ಮನಸ್ಸಿನ ಮಾತಾಯಿತು. ನಾನು ಮೈಯ ಮಾತಾಡುತ್ತೇನೆ, ಏಕೆಂದರೆ 'ಉತ್ಸಾಹವೇ ಇಲ್ಲ ಡಾಕ್ಟ್ರೇ' ಎಂದು ಬರುವವರಲ್ಲಿ ಎಷ್ಟೋ ಮಂದಿಗೆ ಇರುವುದು ರಕ್ತಹೀನತೆ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಗೊತ್ತಿಲ್ಲದ ಸಕ್ಕರೆ ಕಾಯಿಲೆ. ಅವರು ತಮ್ಮನ್ನು ಸೋಮಾರಿಯೆಂದು ಬೈದುಕೊಂಡು ವರ್ಷಗಳನ್ನು ಕಳೆದಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು, ಅದೇ ವಯಸ್ಸಿನ ಪುರುಷರಲ್ಲಿ ಶೇ 25ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಾವೇರಿಯ ಸಹೋದರಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅಭ್ಯಾಸ ತಿದ್ದುವ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುವ ಕೆಲಸವಿದು.

ಈಗ ಚಹಾ. ಖಾನಾವಳಿಯಲ್ಲಿ ರೊಟ್ಟಿ, ಕಾಳುಪಲ್ಯ, ಸೊಪ್ಪು ಉಂಡು, ಕೈ ತೊಳೆದ ತಕ್ಷಣ ಚಹಾ ಕುಡಿದರೆ, ಚಹಾದಲ್ಲಿರುವ ಒಗರಿನ ಅಂಶಗಳು ಆ ಊಟದ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರವಿರಲಿ. ಊಟದ ಜೊತೆ ನಿಂಬೆಹಣ್ಣಿನ ಹೋಳೊಂದಿದ್ದರೆ ಕಬ್ಬಿಣ ಹೀರಿಕೊಳ್ಳಲು ಅನುಕೂಲ. ಇಡೀ ಚರ್ಚೆಯಲ್ಲಿ ಅಕ್ಷರಶಃ ಶಕ್ತಿಯನ್ನು ಕದಿಯುವ ಅಭ್ಯಾಸವೆಂದರೆ ಇದೇ ಇರಬೇಕು, ಆದರೂ ಯಾರೂ ಇದನ್ನು ಹೇಳಲಿಲ್ಲ.

ಕೆಫೀನ್ ನಮಗೆ ಶಕ್ತಿ ಕೊಡುವುದಿಲ್ಲ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಕೆಫೀನ್ ಹೋಗಿ ಅದರ ಜಾಗದಲ್ಲಿ ಕುಳಿತು, ದಣಿವಿನ ಸುದ್ದಿ ಮಿದುಳಿಗೆ ಮುಟ್ಟದಂತೆ ತಡೆಯುತ್ತದೆ. ಸಾಲ ತೀರಿರುವುದಿಲ್ಲ, ಸಾಲ ಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸಿರುತ್ತೇವೆ. ಕುಡಿದದ್ದರಲ್ಲಿ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು, ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆ. 2013ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೂ ಒಂದು ತಾಸಿಗಿಂತ ಹೆಚ್ಚು ನಿದ್ದೆ ಕಡಿಮೆಯಾಗಿತ್ತು. ನಿಮ್ಮ ಚಹಾದಲ್ಲಿ ಅಷ್ಟು ಇರುವುದಿಲ್ಲ, ನಿಜ. ಆದರೆ ರಾತ್ರಿ ಊಟದ ಮೇಲಿನ ಚಹಾ, ಒಂದೂವರೆಯವರೆಗಿನ ವಿಡಿಯೊ, ಎರಡೂ ಒಂದಕ್ಕೊಂದು ಹೆಗಲು ಕೊಡುತ್ತಿವೆ.

ಒಂದು ಎಚ್ಚರಿಕೆಯ ಮಾತು. ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಎರಡು ವಾರಕ್ಕೂ ಹೆಚ್ಚು ಕಾಲ ಖುಷಿ ಕೊಡುತ್ತಿಲ್ಲವಾದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಅದನ್ನು ಕೆಟ್ಟ ಅಭ್ಯಾಸವೆಂದು ಭಾವಿಸಿ ಒಬ್ಬರೇ ಸೆಣಸಬೇಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಬೆಂಗಳೂರಿನ ಆ್ಯಪ್ ಕೆಲಸಗಾರ

ರಾತ್ರಿಯ ವಿಡಿಯೊಗಳ ಬಗ್ಗೆ ನಿಮ್ಮ ಮೇಲೆ ನೀವೇ ಅಷ್ಟು ಸಿಟ್ಟಾಗಬೇಡಿ. ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುತ್ತ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟಿದ್ದಾರೆ. ಪುಸ್ತಕದ ಅಧ್ಯಾಯ ಮುಗಿಯುತ್ತದೆ, ಬಟ್ಟಲಿನ ಚಹಾ ಮುಗಿಯುತ್ತದೆ, ಅಲ್ಲಿ 'ಸಾಕೇ?' ಎಂದು ಕೇಳಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ. ಆ ಗಳಿಗೆ ಸಿಗದಂತೆ ನೋಡಿಕೊಳ್ಳುವುದೇ ನಮ್ಮಂಥವರ ಉದ್ಯೋಗ, ಹೇಳಲು ನಾಚಿಕೆಯಾಗುತ್ತದೆ. ಆದ್ದರಿಂದ ಕೈಯಲ್ಲಿ ಫೋನ್ ಹಿಡಿದುಕೊಂಡು ಮನಸ್ಸನ್ನು ಗಟ್ಟಿ ಮಾಡಿಕೊಳ್ಳಲು ಹೋಗಬೇಡಿ, ಅದು ಸೋಲುವ ಕುಸ್ತಿ. ನಾನು ಮನೆಯಲ್ಲಿ ಚಾರ್ಜರನ್ನು ಮಲಗುವ ಕೋಣೆಯಿಂದ ಅಡುಗೆಮನೆಗೆ ಸಾಗಿಸಿದೆ. ನನ್ನ ಮನೋಬಲ ಮೊದಲಿನಷ್ಟೇ ಇದೆ, ಚಾರ್ಜರ್ ಮಾತ್ರ ದೂರವಿದೆ.

ಸಪ್ತಾಪುರದ ಓದುಗ

ಐದು ವಾರಗಳ ಮೇಲೆ ಬರೆಯುತ್ತಿದ್ದೇನೆ. ಇಷ್ಟು ಜನ ಕೂಡಿ ಯೋಚಿಸುತ್ತೀರೆಂದು ನಾನು ಎಣಿಸಿರಲಿಲ್ಲ. ನಡೆದದ್ದನ್ನು ಇದ್ದಂತೆಯೇ ಹೇಳುತ್ತೇನೆ, ಕೆಲವು ನಡೆಯಲಿಲ್ಲ.

ಬೆಳಿಗ್ಗೆ ಆರಕ್ಕೆ ಏಳುವುದು ಆಗಲೇ ಇಲ್ಲ. ಮೊದಲ ವಾರ ಹಟ ಹಿಡಿದು ಎದ್ದೆ, ಮಧ್ಯಾಹ್ನ ವಾಚನಾಲಯದ ಮೇಜಿನ ಮೇಲೆ ತಲೆಯಿಟ್ಟು ಮಲಗಿದೆ. ಈಗ ಅಲಾರಂ ಅನ್ನು ಏಳಕ್ಕೇ ಇಟ್ಟು, ಒಂದೇ ಸಲಕ್ಕೆ ಏಳುತ್ತೇನೆ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆಂದು ಕೋಚಿಂಗ್ ತರಗತಿಯಲ್ಲಿ ಹೇಳಿದ್ದರು. ಇಪ್ಪತ್ತೆರಡನೆಯ ದಿನವೂ ಮೊದಲ ದಿನದಷ್ಟೇ ಕಷ್ಟವಾದಾಗ ನನ್ನಲ್ಲೇ ಏನೋ ಐಬಿದೆ ಎನಿಸಿತು. ಸಂಶೋಧನಾ ವಿದ್ಯಾರ್ಥಿನಿಯವರಿಗೆ ಸಂದೇಶ ಕಳಿಸಿ ಕೇಳಿದೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಗಿತ್ತು, ಜನರನ್ನೂ ಅಭ್ಯಾಸವನ್ನೂ ನೋಡಿಕೊಂಡು ಅದು 18ರಿಂದ 254 ದಿನಗಳವರೆಗೆ ಹರಡಿತ್ತು, ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಿರಲಿಲ್ಲ ಎಂದು ತಿಳಿಸಿದರು. ಆ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಉಪಯೋಗವಾಯಿತು. ಒಂದು ದಿನ ತಪ್ಪಿದರೆ ಆ ವಾರವನ್ನೇ ಕೈಬಿಟ್ಟು 'ಸೋಮವಾರದಿಂದ' ಎನ್ನುವುದು ನನ್ನ ಹಳೆಯ ರೋಗ.

ಅರ್ಥಶಾಸ್ತ್ರದ ಪುಸ್ತಕದ ಬೆನ್ನು ಮುರಿಯಿತು. ಮೇಡಂ ಹೇಳಿದಂತೆ ಮೊದಲ ಮೂರು ದಿನ ಅಧ್ಯಾಯಗಳ ಶೀರ್ಷಿಕೆಗಳನ್ನೂ ಒಳಶೀರ್ಷಿಕೆಗಳನ್ನೂ ನಕಲು ಮಾಡಿದೆ, ಓದಲಿಲ್ಲ. ನಾಲ್ಕನೆಯ ದಿನ ಬ್ಯಾಂಕಿಂಗ್ ಅಧ್ಯಾಯದಲ್ಲಿ ರೆಪೊ ದರ ಎಂದರೇನೆಂದು ಕುತೂಹಲವಾಗಿ ಹನ್ನೊಂದು ಪುಟ ಓದಿಬಿಟ್ಟೆ. ಈಗ ಐದು ಅಧ್ಯಾಯವಾಗಿದೆ. ವಾಚನಾಲಯಕ್ಕೆ ಕೀಪ್ಯಾಡ್ ಫೋನ್ ಒಯ್ಯುತ್ತೇನೆ. ಅಪ್ಪನ ಕರೆ ಅದಕ್ಕೇ ಬರುತ್ತದೆ. 'ನೋಡೋಣ' ಎನ್ನುವ ಬದಲು ಇಂದು ಯಾವ ಅಧ್ಯಾಯ ಓದಿದೆನೆಂದು ಹೇಳುತ್ತೇನೆ. ಅವರಿಗೆ ರೆಪೊ ದರ ಅರ್ಥವಾಗುವುದಿಲ್ಲ, ಆದರೂ ಕೇಳುತ್ತಾರೆ. ಸೊಸೈಟಿಯ ಸಾಲದ ಬಡ್ಡಿಗೂ ಅದಕ್ಕೂ ಏನು ಸಂಬಂಧವೆಂದು ಮೊನ್ನೆ ಅವರೇ ಪ್ರಶ್ನೆ ಹಾಕಿದರು, ನಾನು ತಡವರಿಸಿದೆ.

ಏಳರ ಚಹಾ ಬಿಟ್ಟೆ. ಇದು ನಾನು ಅಂದುಕೊಂಡಷ್ಟು ಸುಲಭವಾಗಲಿಲ್ಲ. 'ಸಾಹೇಬರಾಗುವ ಮೊದಲೇ ಸಾಹೇಬರಾದರು' ಎಂದು ಗೆಳೆಯರು ಅಂದರು, ಅವರಲ್ಲಿ ಒಬ್ಬ ಎರಡು ವಾರ ಮಾತೇ ಆಡಲಿಲ್ಲ. ಸಂಶೋಧನಾ ವಿದ್ಯಾರ್ಥಿನಿ ಹೇಳಿದ ಆಪ್ತತೆಯ ಮಾತು ಆಗ ಚೆನ್ನಾಗಿ ಅರ್ಥವಾಯಿತು. ಈಗ ನಾಲ್ಕರ ಚಹಾಕ್ಕೆ ತಪ್ಪದೆ ಹೋಗುತ್ತೇನೆ, ಆ ಗೆಳೆಯನ ಪಕ್ಕದಲ್ಲೇ ನಿಲ್ಲುತ್ತೇನೆ. ಮಾತು ಹಳೆಯ ಜಾಡಿಗೆ ಬಿದ್ದರೆ ತಪ್ಪಿಸಲು ನನಗೆ ಇನ್ನೂ ಬರುವುದಿಲ್ಲ. ಕಾದು ಸುಸ್ತಾದ ಸಹೋದರರಿಗೆ ಒಂದು ಮಾತು: ನೀವು ಹೇಳಿದ್ದು ಸುಳ್ಳೆಂದು ನನಗೆ ಇಂದಿಗೂ ಅನಿಸಿಲ್ಲ. ಅಧಿಸೂಚನೆ ಇನ್ನೂ ಬಂದಿಲ್ಲ. ಟೆಲಿಗ್ರಾಂ ಗುಂಪುಗಳಲ್ಲಿ ಮೂರನ್ನು ಬಿಟ್ಟಿದ್ದೇನೆ, ಒಂದನ್ನು ಇಟ್ಟುಕೊಂಡು ರಾತ್ರಿ ಒಮ್ಮೆ ಮಾತ್ರ ನೋಡುತ್ತೇನೆ.

ನೋಟ್‌ಬುಕ್ಕಿನ ಲೆಕ್ಕ: ಕಳೆದ ವಾರದ ಸರಾಸರಿ ಐದು ತಾಸು ಮೂವತ್ತೈದು ನಿಮಿಷ. ಹದಿನಾಲ್ಕು ಎಂದು ಈಗ ಯಾರಿಗೂ ಹೇಳುತ್ತಿಲ್ಲ. ವಿಚಿತ್ರವೆಂದರೆ, ಸುಮಾರು ಒಂದೂವರೆ ತಾಸು ಹೆಚ್ಚು ಓದಿದರೂ ರಾತ್ರಿ ದಣಿವು ಕಡಿಮೆ.

ತಾಲ್ಲೂಕು ಆಸ್ಪತ್ರೆಯ ವೈದ್ಯೆ

ಎಲ್ಲ ಬರೆದಿರಿ, ರಕ್ತಪರೀಕ್ಷೆಯ ವಿಷಯ ಬರೆಯಲಿಲ್ಲ.

ಸಪ್ತಾಪುರದ ಓದುಗ

ಸಿಕ್ಕಿಬಿದ್ದೆ, ಡಾಕ್ಟ್ರೇ. ಎರಡು ಸಲ ಜಿಲ್ಲಾ ಆಸ್ಪತ್ರೆಯವರೆಗೆ ಹೋಗಿ, ಸಾಲು ನೋಡಿ ಹಿಂದೆ ಬಂದಿದ್ದೇನೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಸಕ್ಕರೆಯನ್ನೂ ನೋಡುವುದಾದರೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಅಲ್ಲಿಯ ಸಿಸ್ಟರ್ ಹೇಳಿದ್ದಾರೆ, ಹಾಗಾಗಿ ಅಂದು ಬೆಳಗಿನ ಚಹಾವೂ ಇಲ್ಲ.

ಮನೆಯಲ್ಲೇ ಓದುವವಳು, ಹಾವೇರಿ ಜಿಲ್ಲೆ

ನಾನು ಮಾಡಿಸಿದೆ. ಹಿಮೋಗ್ಲೋಬಿನ್ 9.1 ಬಂದಿದೆ. ಗುಳಿಗೆ ಶುರುವಾಗಿದೆ. ಐದು ವರ್ಷದಿಂದ ಇದನ್ನು ಸೋಮಾರಿತನ ಎಂದು ಕರೆಯುತ್ತಿದ್ದೆ.